ಡಬ್ಬಿಯಲ್ಲೇ ಉಳಿದ ಎರಡು ರಾತ್ರಿ: ಒಂದು ರಾಕ್ ಬ್ಯಾಂಡಿನ ಹಳೆಯ ಫುಟೇಜ್ ಕುರಿತ ಪ್ರಕರಣ ಅಧ್ಯಯನ

ಇಲ್ಲಿ ಬ್ಯಾಂಡಿನ ಹೆಸರು ಹೇಳುವುದಿಲ್ಲ. ಊರು, ಸಭಾಂಗಣ, ಸರಿಯಾದ ವರ್ಷ, ಯಾರು ಯಾವ ವಾದ್ಯ ನುಡಿಸುತ್ತಿದ್ದರು ಎಂಬುದನ್ನೂ ಬಿಟ್ಟಿದ್ದೇನೆ. ಹೇಳಿದರೆ ಗುರುತು ಸಿಕ್ಕಿಬಿಡುತ್ತದೆ. ಇದರಲ್ಲಿ ಒಂದು ಕುಟುಂಬದ ನೋವೂ ಸೇರಿಕೊಂಡಿದೆ. ನಾನು ಅಭಿಮಾನಿಗಳ ಗುಂಪಿನಲ್ಲಿದ್ದೆ. ಪತ್ರ ಬರೆಯುವುದು, ಬಂದ ಉತ್ತರಗಳನ್ನು ಜೋಡಿಸಿಡುವುದು ನನ್ನ ಪಾಲಿನ ಕೆಲಸ. ಹಾಗಾಗಿ ನಾವು ಎಲ್ಲೆಲ್ಲಿ ತಪ್ಪು ಮಾಡಿದೆವು ಎನ್ನುವುದು ನನ್ನ ಹತ್ತಿರ ದಿನಾಂಕದ ಸಮೇತ ಇದೆ.

ಹಿನ್ನೆಲೆ

1970ರ ದಶಕದ ನಡುವಿನ ಮಾತು. ಬ್ರಿಟನ್ನಿನ ಐದು ಜನರ ಒಂದು ರಾಕ್ ಬ್ಯಾಂಡ್ ದೊಡ್ಡ ಸಭಾಂಗಣದಲ್ಲಿ ಸತತ ಎರಡು ರಾತ್ರಿ ಕಾರ್ಯಕ್ರಮ ಕೊಟ್ಟಿತು. ಅದನ್ನು ಸಿನಿಮಾ ಮಾಡಿ ಚಿತ್ರಮಂದಿರಗಳಿಗೆ ತರುವ ಯೋಚನೆ ಇತ್ತು. ನಾಲ್ಕು ಕ್ಯಾಮೆರಾ ಇಟ್ಟು 16 ಎಂಎಂ ಫಿಲ್ಮಿನಲ್ಲಿ ಚಿತ್ರೀಕರಿಸಿದರು. ಧ್ವನಿಯನ್ನು ಬೇರೆಯಾಗಿ, ಒಂದೊಂದು ವಾದ್ಯಕ್ಕೂ ಪ್ರತ್ಯೇಕ ಪಟ್ಟಿ ಇರುವ ಮಲ್ಟಿಟ್ರ್ಯಾಕ್ ಟೇಪಿಗೆ ಇಳಿಸಿಕೊಂಡರು. ಆದರೆ ಸಿನಿಮಾ ಮಾಡಬೇಕಿದ್ದ ಕಂಪನಿಯೇ ಮುಚ್ಚಿಹೋಯಿತು. ಫಿಲ್ಮಿನ ಡಬ್ಬಿಗಳು ಲ್ಯಾಬಿನಿಂದ ಒಂದು ಗೋದಾಮಿಗೆ, ಅಲ್ಲಿಂದ ಇನ್ನೊಂದಕ್ಕೆ ಹೋಗಿ, ಎಷ್ಟೋ ವರ್ಷದ ಮೇಲೆ ಬ್ಯಾಂಡಿನ ಸ್ವಂತ ಸಂಗ್ರಹಕ್ಕೆ ಬಂದವು.

ಮೊದಲ ರಾತ್ರಿ ಯಾರೋ ಒಬ್ಬರು ಕೋಟಿನೊಳಗೆ ಕ್ಯಾಸೆಟ್ ರೆಕಾರ್ಡರ್ ಬಚ್ಚಿಟ್ಟುಕೊಂಡು ಹೋಗಿದ್ದರು. ಆ ಧ್ವನಿ ಪ್ರತಿಯಿಂದ ಪ್ರತಿಯಾಗಿ ನಮ್ಮೆಲ್ಲರ ಕೈಗೂ ಬಂತು. ಗುಂಯ್ ಎನ್ನುವ ಸದ್ದು, ಪಕ್ಕದವರ ಕೆಮ್ಮು, ಮಧ್ಯೆ ಯಾರದೋ ಕೂಗು. ಆದರೂ ಆ ಬ್ಯಾಂಡ್ ಅದಕ್ಕಿಂತ ಚೆನ್ನಾಗಿ ನುಡಿಸಿದ್ದನ್ನು ನಾನು ಇವತ್ತಿನವರೆಗೂ ಕೇಳಿಲ್ಲ. ಮೂರನೆಯ ಹಾಡು ಹದಿನೆಂಟು ನಿಮಿಷ ಹೋಗುತ್ತದೆ. ಅದರ ಕೊನೆಯಲ್ಲಿ ಇಡೀ ಸಭಾಂಗಣ ಒಂದು ಕ್ಷಣ ಸುಮ್ಮನಾಗಿ, ಆಮೇಲೆ ಸಿಡಿಯುತ್ತದೆ. ಆ ಒಂದು ಕ್ಷಣ ವೇದಿಕೆಯ ಮೇಲೆ ಏನಾಯಿತು? ಅದನ್ನು ಕಣ್ಣಾರೆ ನೋಡಬೇಕು ಎನ್ನುವ ಆಸೆಯೇ ಈ ಎಲ್ಲದರ ಮೂಲ.

2000ದ ನಂತರ ಬ್ಯಾಂಡ್ ಒಂದು ಅಧಿಕೃತ ಡಿವಿಡಿ ತಂದಿತು. ಅದರಲ್ಲಿ ಈ ಫಿಲ್ಮಿನ ಎರಡು ಹಾಡು ಇದ್ದವು. ಬಣ್ಣ ಹಾಗೇ ಉಳಿದಿತ್ತು, ಬೆವರ ಹನಿ ಕೂಡ ಕಾಣುತ್ತಿತ್ತು. ನಮ್ಮ ಸಂಕಟ ನಿಜವಾಗಿ ಶುರುವಾದದ್ದು ಆವತ್ತು. ಫಿಲ್ಮ್ ಹಾಳಾಗಿದೆ ಅಂತ ನಂಬಿಕೊಂಡಿದ್ದಷ್ಟು ದಿನ ಮನಸ್ಸು ಸಮಾಧಾನವಾಗಿಯೇ ಇತ್ತು. ಇದೆ, ಚೆನ್ನಾಗಿಯೂ ಇದೆ, ಆದರೆ ಕೊಡುವುದಿಲ್ಲ ಅಂತ ಗೊತ್ತಾದ ಮೇಲೆ ಸುಮ್ಮನಿರಲು ಆಗಲಿಲ್ಲ.

ಕಗ್ಗಂಟು

ಬ್ಯಾಂಡಿನ ಹಿರಿಯ ಸದಸ್ಯರೊಬ್ಬರು ಸಂಗ್ರಹದ ಉಸ್ತುವಾರಿ ನೋಡಿಕೊಳ್ಳುತ್ತಿದ್ದರು. ಸಂದರ್ಶನಗಳಲ್ಲಿ ಕೇಳಿದಾಗಲೆಲ್ಲ "ಇನ್ನೂ ಇದೆ, ಸಮಯ ಬಂದಾಗ ನೋಡೋಣ" ಎನ್ನುತ್ತಿದ್ದರು. ಈ ಮಾತಿಗೆ ನಾವು ಒಬ್ಬೊಬ್ಬರು ಒಂದೊಂದು ಅರ್ಥ ಕೊಟ್ಟೆವು. ದುರಾಸೆ ಎಂದರು ಕೆಲವರು. ಅಭಿಮಾನಿಗಳೆಂದರೆ ಅಸಡ್ಡೆ ಎಂದರು ಇನ್ನು ಕೆಲವರು. ಬೆಲೆ ಏರಲಿ ಅಂತ ಕಾಯುತ್ತಿದ್ದಾರೆ ಎಂದವರೂ ಇದ್ದರು.

ಕೋಪಕ್ಕೆ ಕಾರಣ ಇರಲಿಲ್ಲ ಅಂತಲ್ಲ. ಆ ರಾತ್ರಿ 18 ವರ್ಷದವರಾಗಿದ್ದವರು ಈಗ 70ರ ಹತ್ತಿರ ಬಂದಿದ್ದಾರೆ. ನಮ್ಮ ಗುಂಪಿನಲ್ಲೇ ಇಬ್ಬರು ಕಾಯುತ್ತಲೇ ತೀರಿಕೊಂಡರು. "ಸಮಯ ಬಂದಾಗ" ಎನ್ನುವ ಮಾತು ಅವರ ಕಿವಿಗೆ ಹೇಗೆ ಬಿದ್ದಿರಬೇಡ!

ಬೇರೆ ಬ್ಯಾಂಡುಗಳ ಉದಾಹರಣೆ ಕೊಟ್ಟು ನಾವು ವಾದ ಮಾಡುತ್ತಿದ್ದೆವು. ಬೀಟಲ್ಸ್ 1969ರ ಜನವರಿಯಲ್ಲಿ ಚಿತ್ರೀಕರಿಸಿದ ಸುಮಾರು 60 ಗಂಟೆಯ ಫಿಲ್ಮನ್ನು ನಿರ್ದೇಶಕ ಪೀಟರ್ ಜ್ಯಾಕ್ಸನ್ ಹೊಸದಾಗಿ ಜೋಡಿಸಿ 2021ರಲ್ಲಿ ತಂದರು. ಅದೇ ವರ್ಷ, 1969ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ನಡೆದ ಸಂಗೀತ ಉತ್ಸವದ ಫುಟೇಜ್ ಐವತ್ತು ವರ್ಷದ ನಂತರ ಸಿನಿಮಾ ಆಗಿ ಬಂತು. ಅವರಿಗೆ ಆಗುವುದಾದರೆ ಇವರಿಗೆ ಯಾಕೆ ಆಗಬಾರದು, ಅಲ್ವಾ? ಈ ಪ್ರಶ್ನೆ ಸರಿಯಾಗಿಯೇ ಇತ್ತು. ಆದರೆ ಅದನ್ನು ಉತ್ತರ ಬೇಕು ಅಂತ ನಾವು ಕೇಳುತ್ತಿರಲಿಲ್ಲ, ಬೈಗುಳದ ಹಾಗೆ ಎಸೆಯುತ್ತಿದ್ದೆವು.

ಮೊದಲ ಎರಡು ಪ್ರಯತ್ನ

ಮೊದಲು ಸಹಿ ಸಂಗ್ರಹ. ಸಾವಿರಾರು ಜನ ಸಹಿ ಹಾಕಿದರು. ಮ್ಯಾನೇಜರ್ ಕಚೇರಿಯಿಂದ ಎರಡು ಸಾಲಿನ ಉತ್ತರ ಬಂತು: ನಿಮ್ಮ ಪ್ರೀತಿಗೆ ಧನ್ಯವಾದ, ಸದ್ಯಕ್ಕೆ ಯಾವ ಯೋಜನೆಯೂ ಇಲ್ಲ.

ಎರಡನೆಯದು ಬಹಿಷ್ಕಾರ. ಹಳೆಯ ಆಲ್ಬಮ್‌ಗಳ ಬಾಕ್ಸ್ ಸೆಟ್ ಬರುವುದಿತ್ತು. ಅದರಲ್ಲಿ ಇನ್ನೊಂದು ಕಾರ್ಯಕ್ರಮದ ಧ್ವನಿಮುದ್ರಣ ಹೆಚ್ಚುವರಿಯಾಗಿ ಸೇರಿತ್ತು. ಈ ಫುಟೇಜ್ ಕೊಡುವವರೆಗೂ ಅದನ್ನು ಕೊಳ್ಳಬೇಡಿ ಎಂದು ನಾವು ಸಾರಿದೆವು. ಗುಂಪು ಅಲ್ಲಿಗೇ ಒಡೆಯಿತು. ಅರ್ಧ ಜನ ಕೊಂಡರು, ಅರ್ಧ ಜನ ಕೊಳ್ಳಲಿಲ್ಲ. ಬಹಳ ದಿನದ ಮೇಲೆ ರೆಕಾರ್ಡ್ ಕಂಪನಿಯ ಒಬ್ಬರು ನಮಗೆ ಹೇಳಿದ್ದು ಇಷ್ಟು: ಆ ಸೆಟ್ಟಿನ ಸಾಧಾರಣ ರೂಪ ಚೆನ್ನಾಗಿ ಹೋಯಿತು, ಹೆಚ್ಚುವರಿ ಧ್ವನಿಮುದ್ರಣ ಇದ್ದ ದುಬಾರಿ ರೂಪ ಹೋಗಲಿಲ್ಲ. ಅದನ್ನು ನೋಡಿ ಅವರು ಹಳೆಯ ಕಾರ್ಯಕ್ರಮಗಳಿಗೆ ಕೊಳ್ಳುವವರಿಲ್ಲ ಎಂದುಕೊಂಡರು. ಅಂಥದ್ದನ್ನು ತಪ್ಪದೆ ಕೊಳ್ಳುವವರು ನಾವೇ. ನಾವು ಕೊಳ್ಳದೆ ಇದ್ದಾಗ, ನಮಗೆ ಇದೇ ಬೇಕು ಎನ್ನುವುದಕ್ಕೆ ಇದ್ದ ಒಂದೇ ಸಾಕ್ಷಿಯನ್ನೂ ಅಳಿಸಿಹಾಕಿದ ಹಾಗಾಯಿತು. ಆ ನಿರ್ಧಾರಕ್ಕೆ ಕೈ ಎತ್ತಿದವರಲ್ಲಿ ನಾನೂ ಒಬ್ಬ.

ಹೊರಬಿದ್ದ ನಲವತ್ತು ನಿಮಿಷ

ಆಮೇಲೆ ನಡೆದದ್ದನ್ನು ಬರೆಯುವುದು ಕಷ್ಟ. ಆದರೆ ಈ ಪ್ರಕರಣ ತಿರುವು ತೆಗೆದುಕೊಂಡದ್ದೇ ಅಲ್ಲಿ.

ನಮಗೆ ಪರಿಚಯದ ಸಂಗ್ರಾಹಕರೊಬ್ಬರ ಕೈಗೆ ನಲವತ್ತು ನಿಮಿಷದ ಒಂದು ಪ್ರತಿ ಬಂತು. ಅದು ಕೆಲಸಕ್ಕೆಂದು ಮಾಡಿಕೊಂಡ ಪ್ರತಿ. ಚಿತ್ರದ ಕೆಳಗೆ ಗಂಟೆ, ನಿಮಿಷ, ಫ್ರೇಮಿನ ಅಂಕಿ ಓಡುತ್ತಿತ್ತು. ಎಲ್ಲಿಂದ ಬಂತು ಎಂದು ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ. ಹಂಚಬೇಕೋ ಬೇಡವೋ ಎಂದು ಒಂದು ರಾತ್ರಿ ಪೂರ್ತಿ ಫೋನಿನಲ್ಲಿ ಮಾತಾಡಿದೆವು. ನಿರ್ಧಾರ ಆಗುವ ಮೊದಲೇ ಅದು ಕೈಯಿಂದ ಕೈಗೆ ಹೋಗಿಯಾಗಿತ್ತು. ನಾನೂ ನೋಡಿದೆ. ನಾನೂ ಇಬ್ಬರಿಗೆ ಕಳಿಸಿದೆ.

ನಮ್ಮ ಗುಂಪಿನಲ್ಲಿ ಟಿವಿ ಸಂಸ್ಥೆಯೊಂದರಲ್ಲಿ ಕೆಲಸ ಮಾಡಿ ನಿವೃತ್ತರಾದ ಎಂಜಿನಿಯರ್ ಒಬ್ಬರಿದ್ದರು. ಅವರು ಮಾತ್ರ ಸಂಭ್ರಮಪಡಲಿಲ್ಲ. ಹಾಡುಗಳ ಮಧ್ಯೆ ಗಾಯಕ ಆಡುವ ಮಾತನ್ನು ಹಿಂದೆ ಮುಂದೆ ಮಾಡಿ ಕೇಳಿದರು. ಒಂದು ಕಡೆ ಗಾಯಕ ಜನರತ್ತ ತಿರುಗಿ, ನಿನ್ನೆಯೂ ಬಂದವರು ಎಷ್ಟು ಜನ ಇದ್ದೀರಿ ಎಂದು ಕೇಳುತ್ತಾನೆ. ಅಂದರೆ ಇದು ಎರಡನೆಯ ರಾತ್ರಿ. ನಾವು ಇಪ್ಪತ್ತು ವರ್ಷ ಬೇಡಿದ್ದು ಮೊದಲನೆಯ ರಾತ್ರಿಯನ್ನು. ಎರಡೂ ರಾತ್ರಿ ಹಾಡಿನ ಕ್ರಮ ಒಂದೇ ಆಗಿದ್ದರಿಂದ ಯಾರಿಗೂ ಅನುಮಾನವೇ ಬಂದಿರಲಿಲ್ಲ.

ಅವರು ಇನ್ನೊಂದನ್ನೂ ತೋರಿಸಿದರು. ಐವರಲ್ಲಿ ಒಬ್ಬರಿಗೆ ಆ ರಾತ್ರಿ ಮೈ ಸರಿಯಿರಲಿಲ್ಲ. ಎರಡು ಕಡೆ ಅವರು ಬರಬೇಕಾದ ಜಾಗದಲ್ಲಿ ಬರುವುದಿಲ್ಲ. ಆಗ ಪಕ್ಕದವರು ಹತ್ತಿರ ಹೋಗಿ, ಜನರಿಗೆ ಬೆನ್ನು ಹಾಕಿ ನಿಂತು, ಬೆರಳೆತ್ತಿ ಎಣಿಸಿ ತೋರಿಸುತ್ತಾರೆ. ಕ್ಯಾಮೆರಾ ಅದನ್ನು ಹಿಡಿದಿದೆ. ಆ ಸದಸ್ಯರು ಈಗ ಇಲ್ಲ. ಯಾರೋ ಕಳಿಸಿದ ಪ್ರತಿಯಲ್ಲಿ ಅವರ ಮಗಳು ಅದನ್ನು ನೋಡಿದರು ಎಂದು ಆಮೇಲೆ ತಿಳಿಯಿತು.

ಮ್ಯಾನೇಜರ್ ಕಚೇರಿ ನಮ್ಮೊಂದಿಗೆ ಮಾತು ನಿಲ್ಲಿಸಿತು. ಒಂದೂವರೆ ವರ್ಷ ಒಂದು ಪತ್ರಕ್ಕೂ ಉತ್ತರ ಬರಲಿಲ್ಲ. ಅದು ನ್ಯಾಯವಾಗಿಯೇ ಇತ್ತು ಅಂತ ನನಗೆ ಅನಿಸುತ್ತದೆ.

ಕಲಾವಿದರು ತಮ್ಮದೇ ಫುಟೇಜನ್ನು ತಡೆಹಿಡಿದದ್ದು ಇದೇ ಮೊದಲಲ್ಲ. ರೋಲಿಂಗ್ ಸ್ಟೋನ್ಸ್ ಬ್ಯಾಂಡ್ 1968ರ ಡಿಸೆಂಬರಿನಲ್ಲಿ ಚಿತ್ರೀಕರಿಸಿದ ಸರ್ಕಸ್ ಮಾದರಿಯ ಸಂಗೀತ ಕಾರ್ಯಕ್ರಮ ಹೊರಬಂದದ್ದು 1996ರಲ್ಲಿ. ತಾವು ನುಡಿಸಿದ್ದು ಅವರಿಗೇ ಹಿಡಿಸಿರಲಿಲ್ಲ ಎನ್ನುವುದು ಸಾಮಾನ್ಯವಾಗಿ ಹೇಳುವ ಕಾರಣ. ಅಮೆರಿಕದ ಗಾಯಕಿ ಅರೀಥಾ ಫ್ರ್ಯಾಂಕ್ಲಿನ್ 1972ರಲ್ಲಿ ಚರ್ಚೊಂದರಲ್ಲಿ ಹಾಡಿದ ಕಾರ್ಯಕ್ರಮದ ಸಿನಿಮಾ ಪ್ರದರ್ಶನವಾಗದಂತೆ ಅವರೇ ಕೋರ್ಟಿಗೆ ಹೋಗಿದ್ದರು. ಅದು ಜನರ ಮುಂದೆ ಬಂದದ್ದು 2018ರಲ್ಲಿ, ಅವರು ತೀರಿಕೊಂಡ ಮೇಲೆ, ಕುಟುಂಬದ ಒಪ್ಪಿಗೆಯಿಂದ. ಈ ಕಥೆಗಳು ನಮಗೆ ಮೊದಲೇ ಗೊತ್ತಿದ್ದವು. ನಮ್ಮ ಬ್ಯಾಂಡಿಗೂ ಅಂಥದ್ದೇ ಕಾರಣ ಇರಬಹುದು ಎಂದು ಮಾತ್ರ ಒಬ್ಬರೂ ಯೋಚಿಸಿರಲಿಲ್ಲ.

ದಾರಿ ಬದಲಿಸಿದ ಪತ್ರ

ಆ ಮೌನದ ದಿನಗಳಲ್ಲಿ ಎಂಜಿನಿಯರ್ ಒಂದು ಪ್ರಶ್ನೆ ಕೇಳಿದರು: "ಬಿಡುಗಡೆ ಮಾಡಿ ಅಂತ ಕೇಳುತ್ತಲೇ ಇದ್ದೀವಲ್ಲ, ಅದು ಉಳಿದಿದೆಯಾ ಅಂತ ಯಾರಾದರೂ ಕೇಳಿದ್ದೀವಾ?"

ಯಾರೂ ಕೇಳಿರಲಿಲ್ಲ.

ಅವರು ವಿವರಿಸಿದ ಮೇಲೆ ನಮಗೆ ಭಯವಾಯಿತು. ಆ ಕಾಲದ 16 ಎಂಎಂ ಫಿಲ್ಮಿನ ತಳ ಅಸಿಟೇಟಿನದು. ಬಿಸಿ ಮತ್ತು ತೇವದಲ್ಲಿ ಅದು ಕೊಳೆಯತೊಡಗಿದರೆ ವಿನೆಗರ್ ವಾಸನೆ ಬರುತ್ತದೆ. ಆ ಆಮ್ಲವೇ ಕೊಳೆಯುವುದನ್ನು ಇನ್ನಷ್ಟು ಜೋರು ಮಾಡುತ್ತದೆ, ಪಕ್ಕದ ಡಬ್ಬಿಗೂ ತಾಗುತ್ತದೆ. ಫಿಲ್ಮ್ ಕುಗ್ಗಿ, ಸೊಟ್ಟಗಾಗಿ, ಕೊನೆಗೆ ಯಂತ್ರದಲ್ಲಿ ಓಡುವುದೇ ಇಲ್ಲ. ತಂಪಾದ, ಒಣಗಿದ ಜಾಗದಲ್ಲಿಟ್ಟರೆ ನಿಧಾನವಾಗುತ್ತದೆ, ಆದರೆ ಹಿಂದಕ್ಕೆ ಹೋಗುವುದಿಲ್ಲ. ಟೇಪಿನ ಕಷ್ಟ ಬೇರೆ. 1970ರ ದಶಕದ ಎಷ್ಟೋ ಟೇಪುಗಳಲ್ಲಿ ಕಾಂತದ ಪುಡಿಯನ್ನು ಹಿಡಿದಿಡುವ ಅಂಟು ಗಾಳಿಯ ತೇವ ಹೀರಿ ಮೆತ್ತಗಾಗುತ್ತದೆ. ಹಾಗೇ ಓಡಿಸಿದರೆ ಪುಡಿ ಕಿತ್ತುಕೊಂಡು ಯಂತ್ರದ ಹೆಡ್ಡಿಗೆ ಮೆತ್ತಿಕೊಳ್ಳುತ್ತದೆ, ಅದರ ಜೊತೆ ಸಂಗೀತವೂ ಹೋಗುತ್ತದೆ. ಅದಕ್ಕೆ ಟೇಪನ್ನು ಮೊದಲು ಸಣ್ಣ ಬಿಸಿಯಲ್ಲಿ ಗಂಟೆಗಟ್ಟಲೆ ಇಟ್ಟು ಒಣಗಿಸುತ್ತಾರೆ. ಬೇಯಿಸುವುದು ಎಂದೇ ಅವರ ಮಾತು. ಲೆಡ್ ಜೆಪೆಲಿನ್ ಬ್ಯಾಂಡಿನವರು ತಮ್ಮ 2003ರ ಡಿವಿಡಿಗೆ ಹಳೆಯ ವಿಡಿಯೋ ಟೇಪುಗಳನ್ನು ಹೀಗೆ ಬಿಸಿ ಮಾಡಿಯೇ ಓಡಿಸಿದ್ದು.

ಹೀಗಾಗಿ ಹೊಸ ಪತ್ರ ಬೇರೆ ಥರ ಇತ್ತು. ಒಂದೂವರೆ ಪುಟ. ಮೊದಲ ಪ್ಯಾರಾದಲ್ಲಿ ಹೊರಬಿದ್ದ ಪ್ರತಿಯ ಬಗ್ಗೆ ಕ್ಷಮೆ ಕೇಳಿದೆವು. ಬಿಡುಗಡೆ ಎನ್ನುವ ಪದವನ್ನು ಎಲ್ಲೂ ಬಳಸಲಿಲ್ಲ. ಈ ವಿಷಯಕ್ಕೆ ಗುಂಪಿನೊಳಗೆ ದೊಡ್ಡ ಜಗಳವೇ ಆಯಿತು. ಕೆಲವರು ಇದನ್ನು ಶರಣಾಗತಿ ಎಂದರು. ಪತ್ರದಲ್ಲಿ ಕೇಳಿದ್ದು ಮೂರೇ ಪ್ರಶ್ನೆ: ಎಷ್ಟು ಡಬ್ಬಿ ಇವೆ? ಯಾವುದಾದರೂ ವಾಸನೆ ಬರುತ್ತಿದೆಯೇ? ಪಟ್ಟಿ ಮಾಡಲು ನಾವು ಏನಾದರೂ ನೆರವಾಗಬಹುದೇ? ಪತ್ರವನ್ನು ಮ್ಯಾನೇಜರ್‌ಗೆ ಕಳಿಸಲಿಲ್ಲ. ಸಂಗ್ರಹವನ್ನು ದಿನಾ ನೋಡಿಕೊಳ್ಳುವ ವ್ಯಕ್ತಿಗೆ ಕಳಿಸಿದೆವು. ಅಂಥವರೊಬ್ಬರು ಇರುತ್ತಾರೆ ಎನ್ನುವುದೇ ಅಲ್ಲಿಯವರೆಗೆ ನಮ್ಮ ತಲೆಗೆ ಹೊಳೆದಿರಲಿಲ್ಲ.

ಆರು ವಾರದಲ್ಲಿ ಉತ್ತರ ಬಂತು. ಮೂರು ಪುಟ. ಡಬ್ಬಿಗಳ ಮೇಲಿನ ಚೀಟಿ ಅರ್ಧಕ್ಕರ್ಧ ಉದುರಿಹೋಗಿದೆ. ಐದು ಡಬ್ಬಿಯಲ್ಲಿ ವಾಸನೆ ಶುರುವಾಗಿದೆ. ಮೊದಲ ರಾತ್ರಿಯ ಫಿಲ್ಮೂ ಇದೆ. ಆದರೆ ಆವತ್ತು ಕ್ಲ್ಯಾಪ್ (ಚಿತ್ರಕ್ಕೂ ಧ್ವನಿಗೂ ತಾಳೆ ಹಾಕಲು ಶುರುವಿನಲ್ಲಿ ಬಡಿಯುವ ಹಲಗೆ) ಹೊಡೆದಿಲ್ಲ, ಹಾಗಾಗಿ ಯಾವ ಚಿತ್ರಕ್ಕೆ ಯಾವ ಧ್ವನಿ ಎಂದು ಹೇಳಲಾಗುತ್ತಿಲ್ಲ. ಮೊದಲ ರಾತ್ರಿಯ ಬಗ್ಗೆ ಇದ್ದ ಸಾಲನ್ನು ನಾನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಮೊದಲ ರಾತ್ರಿ ಇತ್ತು!

ನಾವು ಕೊಡಬಹುದಾದದ್ದು

ಕ್ಲ್ಯಾಪ್ ಇಲ್ಲ ಎನ್ನುವುದು ಸಣ್ಣ ತೊಂದರೆಯಲ್ಲ. ಅರೀಥಾ ಅವರ ಆ ಸಿನಿಮಾ 1972ರಲ್ಲಿ ಮೂಲೆ ಸೇರಿದ್ದೂ ಇದೇ ಕಾರಣಕ್ಕೆ. ಇಲ್ಲಿ ಇನ್ನೊಂದು ಕಷ್ಟವೂ ಸೇರಿತ್ತು. 400 ಅಡಿಯ 16 ಎಂಎಂ ರೀಲು ಸುಮಾರು 11 ನಿಮಿಷಕ್ಕೆ ಮುಗಿಯುತ್ತದೆ. ಪ್ರತಿ ಸಲ ಕ್ಯಾಮೆರಾ ನಿಲ್ಲಿಸಿ ರೀಲು ಬದಲಿಸಬೇಕು. ಹದಿನೆಂಟು ನಿಮಿಷದ ಹಾಡು ಒಂದು ರೀಲಿಗೆ ಹಿಡಿಯುವುದೇ ಇಲ್ಲ. ನಾಲ್ಕೂ ಕ್ಯಾಮೆರಾಗಳ ತುಂಡುಗಳು ಸೇರಿ, ಕ್ರಮ ತಿಳಿಯದೆ, ಮೂಕವಾಗಿ ಬಿದ್ದಿದ್ದವು.

ಇಲ್ಲಿ ಕೋಟಿನೊಳಗಿನ ಆ ಕ್ಯಾಸೆಟ್ ಕೆಲಸಕ್ಕೆ ಬಂತು. ಮಲ್ಟಿಟ್ರ್ಯಾಕ್ ಟೇಪುಗಳಲ್ಲಿ ಹಾಡುಗಳ ನಡುವೆ ಧ್ವನಿ ನಿಲ್ಲಿಸಿದ್ದರು. ಪ್ರೇಕ್ಷಕರ ಕ್ಯಾಸೆಟ್ ಮಾತ್ರ ಬಿಡದೆ ಓಡಿತ್ತು. ಮಾತು, ಶ್ರುತಿ ಮಾಡಿಕೊಳ್ಳುವ ಸದ್ದು, ಯಾರೋ ಬಾಟಲಿ ಬೀಳಿಸಿದ್ದು, ಎಲ್ಲವೂ ಅದರಲ್ಲಿತ್ತು. ನಡುವೆ ಒಂದೇ ಕಡೆ ಬಿಟ್ಟುಹೋಗಿತ್ತು: 45ನೆಯ ನಿಮಿಷದಲ್ಲಿ ಕ್ಯಾಸೆಟ್ ತಿರುಗಿಸಿ ಹಾಕಿದಾಗ. ಆ ಜಾಗ ತುಂಬಲು ಎರಡನೆಯ ಕ್ಯಾಸೆಟ್ ಬೇಕಿತ್ತು. ವಿಚಾರಿಸುತ್ತಾ ಹೋದಾಗ ವಯಸ್ಸಾದ ಒಬ್ಬ ಮಹಿಳೆಯ ಹತ್ತಿರ ಅದು ಸಿಕ್ಕಿತು. ಅವರು ಅದನ್ನು ಯಾರಿಗೂ ಕೊಟ್ಟಿರಲಿಲ್ಲ, ಯಾಕೆಂದರೆ ಯಾರೂ ಕೇಳಿರಲಿಲ್ಲ.

ಎರಡೂ ಕ್ಯಾಸೆಟ್ ಸೇರಿಸಿ ಎಂಜಿನಿಯರ್ ಇಡೀ ಸಂಜೆಯ ಒಂದು ಪಟ್ಟಿ ಮಾಡಿದರು. ಎಷ್ಟನೆಯ ನಿಮಿಷ, ಎಷ್ಟನೆಯ ಸೆಕೆಂಡಿಗೆ ಏನಾಯಿತು ಎಂಬ ಪಟ್ಟಿ ಅದು. ಅಲ್ಲಿ ಸಂಗ್ರಹ ನೋಡಿಕೊಳ್ಳುವವರು ಮೂಕ ಚಿತ್ರದಲ್ಲಿ ಕೈ, ತುಟಿ ನೋಡುತ್ತಾ ಪಟ್ಟಿಗೆ ಹೊಂದಿಸುತ್ತಾ ಹೋದರು. ತಂತಿ ಕಡಿದದ್ದು, ಗಾಯಕ ಮೈಕಿನ ಕಂಬ ಬೀಳಿಸಿದ್ದು ಗುರುತಿನ ಕಲ್ಲುಗಳಾದವು. ಕ್ಯಾಸೆಟ್ಟಿನ ವೇಗ ಸ್ವಲ್ಪ ಹೆಚ್ಚುಕಮ್ಮಿ ಇದ್ದದ್ದರಿಂದ ಪ್ರತಿ ಹಾಡಿಗೂ ಬೇರೆ ಬೇರೆಯಾಗಿ ಸರಿಪಡಿಸಬೇಕಾಯಿತು. ಹನ್ನೊಂದು ತಿಂಗಳು ಹಿಡಿಯಿತು. ಯಾರಿಗೂ ದುಡ್ಡು ಕೊಡಲಿಲ್ಲ, ಯಾರೂ ಕೇಳಲೂ ಇಲ್ಲ.

ಹಕ್ಕುಗಳ ವಿಷಯ

ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ಇಲ್ಲಿ ನಮ್ಮ ಕೈಯಲ್ಲಿ ಏನೂ ಇರಲಿಲ್ಲ. ಗುಂಪಿನ ವಕೀಲೆಯೊಬ್ಬರು ನಮಗೆ ತಿಳಿಸಿಕೊಟ್ಟರು. ಫಿಲ್ಮಿನ ಹಕ್ಕು ಒಂದು, ಧ್ವನಿಮುದ್ರಣದ ಹಕ್ಕು ಇನ್ನೊಂದು, ಪ್ರತಿ ಹಾಡನ್ನು ಬರೆದವರ ಹಕ್ಕು ಮತ್ತೊಂದು. ಬ್ರಿಟನ್ನಿನ 1988ರ ಕಾನೂನಿನಲ್ಲಿ ವೇದಿಕೆಯಲ್ಲಿ ನುಡಿಸಿದವರಿಗೂ ಹಕ್ಕಿದೆ. ಅವರು ತೀರಿಕೊಂಡರೆ ಅದು ವಾರಸುದಾರರಿಗೆ ಹೋಗುತ್ತದೆ. ಬ್ಯಾಂಡ್ ಕೊನೆಯಲ್ಲಿ ಬೇರೆಯವರ ಹಳೆಯ ಹಾಡುಗಳ ತುಣುಕುಗಳನ್ನು ಪೋಣಿಸಿ ಹನ್ನೆರಡು ನಿಮಿಷ ನುಡಿಸಿತ್ತು. ಒಂದೊಂದು ತುಣುಕಿಗೂ ಬೇರೆ ಮಾಲೀಕರು. ಚಿತ್ರದ ಜೊತೆ ಹಾಡು ಬಳಸಲು ಎಲ್ಲರ ಒಪ್ಪಿಗೆಯೂ ಬೇಕು.

ಕೆಲವರು ಯುರೋಪಿನ 50 ವರ್ಷದ ನಿಯಮದ ಮೇಲೆ ಆಸೆ ಇಟ್ಟುಕೊಂಡಿದ್ದರು. 50 ವರ್ಷದೊಳಗೆ ಬಿಡುಗಡೆಯಾಗದ ಧ್ವನಿಮುದ್ರಣ ಅಲ್ಲಿ ರಕ್ಷಣೆ ಕಳೆದುಕೊಳ್ಳುತ್ತದೆ. ಅದಕ್ಕೇ 2012ರಲ್ಲಿ ಅಮೆರಿಕದ ಗಾಯಕ ಬಾಬ್ ಡಿಲನ್ ಅವರ ಹಳೆಯ ಮುದ್ರಣಗಳ ಒಂದು ಸೆಟ್ಟನ್ನು ಬಹಳ ಕಡಿಮೆ ಪ್ರತಿಗಳಲ್ಲಿ ಹೊರತಂದರು. ಆದರೆ ಆ ಗಡುವು ಎಲ್ಲ ಹಕ್ಕುಗಳಿಗೂ ಅಲ್ಲ. ಹಾಡು ಬರೆದವರ ಹಕ್ಕು ಅವರು ತೀರಿಕೊಂಡು 70 ವರ್ಷದವರೆಗೂ ಇರುತ್ತದೆ. ಗಡುವು ಮುಗಿದ ತಕ್ಷಣ ಡಬ್ಬಿ ತಾನಾಗಿ ತೆರೆದುಕೊಳ್ಳುವುದಿಲ್ಲ.

ಏನು ಸಿಕ್ಕಿತು, ಏನು ಸಿಗಲಿಲ್ಲ

ಎಲ್ಲ ಡಬ್ಬಿಗಳನ್ನೂ ಸ್ವಚ್ಛ ಮಾಡಿ ಸ್ಕ್ಯಾನ್ ಮಾಡಿದರು. ವಾಸನೆ ಬರುತ್ತಿದ್ದ ಐದರಲ್ಲಿ ನಾಲ್ಕು ಉಳಿದವು. ಒಂದು ಹೋಯಿತು. ಇನ್ನು ಹತ್ತು ವರ್ಷ ನಾವು ಸಹಿ ಸಂಗ್ರಹಿಸುತ್ತಾ ಕೂತಿದ್ದರೆ ಇನ್ನೆಷ್ಟು ಹೋಗುತ್ತಿತ್ತೋ.

ಕುಟುಂಬದ ಜೊತೆ ಹಿರಿಯ ಸದಸ್ಯರೇ ಮಾತಾಡಿದರು. ಮೊದಲ ರಾತ್ರಿಯ ಚಿತ್ರವನ್ನು ಮಗಳಿಗೆ ತೋರಿಸಿದರು. ತಂದೆ ನಗುತ್ತಾ ನುಡಿಸುವುದನ್ನು ಅವರು ಅದರಲ್ಲಿ ನೋಡಿದರು. ಮೊದಲ ರಾತ್ರಿಗೆ ಒಪ್ಪಿದರು, ಎರಡನೆಯದಕ್ಕೆ ಇಲ್ಲ ಎಂದರು. ಅದರ ಅರ್ಥ ಏನೆಂದರೆ, ಮೊದಲ ರಾತ್ರಿ ಚಿತ್ರ ಇಲ್ಲದ ಜಾಗಕ್ಕೆ ಎರಡನೆಯ ರಾತ್ರಿಯ ಚಿತ್ರ ಸೇರಿಸಿ ಮುಚ್ಚುವ ಹಾಗಿಲ್ಲ. ಎಷ್ಟೋ ಸಂಗೀತ ಸಿನಿಮಾಗಳು ಹಲವು ರಾತ್ರಿಗಳನ್ನು ಬೆರೆಸಿ ಮಾಡಿದವೇ. ಇಲ್ಲಿ ಆ ದಾರಿ ಮುಚ್ಚಿತು. ನನಗೆ ಅದು ಒಳ್ಳೆಯದೇ ಆಯಿತು ಅನಿಸುತ್ತದೆ.

ಕೊನೆಗೆ ಹೊಸ ಬಾಕ್ಸ್ ಸೆಟ್ಟಿನಲ್ಲಿ ಮೊದಲ ರಾತ್ರಿಯ ನಾಲ್ಕು ಹಾಡು ಬಂದವು. ಚಿತ್ರ ಸಿಗದ ಕಡೆ ಪರದೆಯನ್ನು ಕಪ್ಪಾಗಿಯೇ ಬಿಟ್ಟು ಧ್ವನಿ ಮಾತ್ರ ಮುಂದುವರಿಸಿದ್ದಾರೆ. ಹದಿನೆಂಟು ನಿಮಿಷದ ಹಾಡಿನ ಕೊನೆ ಇದೆ. ಆ ಒಂದು ಕ್ಷಣದ ಮೌನದಲ್ಲಿ ಐವರೂ ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಾರೆ, ಅಷ್ಟೇ. ನಾನು ಅತ್ತುಬಿಟ್ಟೆ.

ಹನ್ನೆರಡು ನಿಮಿಷದ ಪೋಣಿಕೆ ಬರಲಿಲ್ಲ, ಪೂರ್ತಿ ಕಾರ್ಯಕ್ರಮವೂ ಬರಲಿಲ್ಲ. ನಮ್ಮಲ್ಲಿ ಕೆಲವರಿಗೆ ಇದು ಮತ್ತೊಂದು ತುಣುಕು ತೋರಿಸಿ ಸುಮ್ಮನಾಗಿಸುವ ಆಟ ಎನಿಸಿತು. ಅವರು ಗುಂಪು ಬಿಟ್ಟರು. ಅವರ ಕೋಪ ಸುಳ್ಳು ಎಂದು ನಾನು ಹೇಳಲಾರೆ. ಸಂಗ್ರಹದವರು ಮೊದಲೇ ಒಂದು ಮಾತು ಬಿಚ್ಚಿ ಹೇಳಿದ್ದರೆ, ಕಾರಣ ಪೂರ್ತಿ ಹೇಳದಿದ್ದರೂ "ಒಂದು ಕುಟುಂಬದ ವಿಷಯ ಇದೆ" ಎಂದಷ್ಟೇ ಹೇಳಿದ್ದರೆ, ಎಷ್ಟೋ ಕಹಿ ತಪ್ಪುತ್ತಿತ್ತು. ನಮ್ಮ ಕಡೆಯಿಂದ ಹೇಳುವುದಾದರೆ, ಸಹಿಗೂ ಬಹಿಷ್ಕಾರಕ್ಕೂ ಆಗದ ಕೆಲಸವನ್ನು ಮೂರು ಸಣ್ಣ ಪ್ರಶ್ನೆ ಮಾಡಿದವು. ಅವು ನಿಜವಾಗಿ ಉತ್ತರ ಬೇಕಾಗಿದ್ದ ಪ್ರಶ್ನೆಗಳು, ಮತ್ತು ಉತ್ತರ ಗೊತ್ತಿದ್ದವರ ಕೈಗೇ ಹೋದವು. ಹೊರಬಿದ್ದ ಪ್ರತಿಯಿಂದಲೇ ಎರಡನೆಯ ರಾತ್ರಿಯ ಗುಟ್ಟು ತಿಳಿಯಿತಲ್ಲ, ಅದೂ ಒಳ್ಳೆಯದೇ ಆಯಿತಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಡಬ್ಬಿಗಳ ಪಟ್ಟಿ ಕೇಳಿದ್ದರೆ ಅದೇ ಸಂಗತಿ ಒಂದು ಪತ್ರದಲ್ಲಿ ತಿಳಿಯುತ್ತಿತ್ತು, ಯಾರ ಮಗಳನ್ನೂ ನೋಯಿಸದೆ.

ಎಂಜಿನಿಯರ್ ಈಗಲೂ ಕೆಲಸ ಬಿಟ್ಟಿಲ್ಲ. ಒಂದು ಡಬ್ಬಿಯ ಮೇಲೆ "ಕೊನೆಯ ಹಾಡು" ಎಂದಷ್ಟೇ ಬರೆದಿದೆ. ಒಂದೇ ಕ್ಯಾಮೆರಾದ ಚಿತ್ರ, ಅಷ್ಟು ಹೊತ್ತಿಗೆ ಮಲ್ಟಿಟ್ರ್ಯಾಕ್ ಟೇಪೂ ಕೋಟಿನೊಳಗಿನ ಕ್ಯಾಸೆಟ್ಟೂ ಮುಗಿದಿದ್ದವು. ಅದಕ್ಕೆ ಇರುವ ಧ್ವನಿ ಎಂದರೆ ಆ ಮಹಿಳೆಯ ಕ್ಯಾಸೆಟ್ ಒಂದೇ. ಕಳೆದ ವಾರ ಅವರು ಫೋನ್ ಮಾಡಿ, ಮೊದಲ ಎರಡು ನಿಮಿಷ ತುಟಿಗೆ ಸರಿಯಾಗಿ ಕೂತಿದೆ, ಮೂರನೆಯ ನಿಮಿಷದಿಂದ ಜಾರುತ್ತಿದೆ ಎಂದರು. ಕ್ಯಾಸೆಟ್ಟನ್ನು ಇನ್ನೊಂದು ಸಲ ಬೇರೆ ಡೆಕ್ಕಿನಲ್ಲಿ ಹಾಕಿ ನೋಡುತ್ತೇವೆ ಎಂದಿದ್ದೇನೆ.